ಕೈ ಏಳದಿದ್ದರೆ ಮೊದಲು ಸ್ಪ್ರಿಂಗ್‌ಗೆ ಕೈ ಹಾಕಬೇಡಿ

ಸ್ನಾಯುಕ್ಷಯ ಇರುವವರ ವೀಲ್‌ಚೇರಿಗೆ ತೋಳಿನ ಆಸರೆ, ಅಂದರೆ ಸ್ಪ್ರಿಂಗ್ ಅಥವಾ ರಬ್ಬರ್ ಬ್ಯಾಂಡಿನಿಂದ ತೋಳನ್ನು ಹೊತ್ತು ಹಿಡಿಯುವ ಸಾಧನ, ಕೂರಿಸುವಾಗ ಹೆಚ್ಚಾಗಿ ಕೇಳಿಬರುವ ಮಾತು: "ಕೈ ಬಾಯಿವರೆಗೆ ಬರ್ತಿಲ್ಲ, ಇನ್ನೂ ಸ್ವಲ್ಪ ಬಿಗಿ ಮಾಡಿ." ಬಿಗಿ ಮಾಡಿದರೆ ಕೈ ಏರುತ್ತದೆ, ನಿಜ. ಆದರೆ ಚಮಚ ಮತ್ತೆ ತಟ್ಟೆಗೆ ಇಳಿಯುವುದಿಲ್ಲ. ದೋಷ ಬಹುಪಾಲು ಬೇರೆಲ್ಲೋ ಇರುತ್ತದೆ.

ಒಂದು ತೋಳಿನ ತೂಕ ಮೈತೂಕದ ಸುಮಾರು ಶೇ. 5. ಅಂದರೆ 60 ಕಿಲೋ ಇರುವವರಿಗೆ 3 ಕಿಲೋ. ಸ್ಪ್ರಿಂಗ್ ಅಥವಾ ರಬ್ಬರ್ ಬ್ಯಾಂಡಿನ ಆಸರೆ ಈ ತೂಕವನ್ನಷ್ಟೇ ಹೊರುತ್ತದೆ. ಕೈಯನ್ನು ಆಡಿಸಬೇಕಾದದ್ದು ಉಳಿದಿರುವ ಸ್ನಾಯುವೇ. ಬಾಲ್ಯದಲ್ಲೇ ಶುರುವಾಗುವ ಸ್ನಾಯುಕ್ಷಯವಾದ ಡುಶೇನ್‌ನಲ್ಲಿ ಹೆಗಲು, ಮೇಲ್ದೋಳು ಮೊದಲು ಸೋತು ಬೆರಳುಗಳು ಬಹುಕಾಲ ಉಳಿಯುತ್ತವೆ, ಹಾಗಾಗಿ ಅಲ್ಲಿ ಇದು ಚೆನ್ನಾಗಿ ಒದಗುತ್ತದೆ. ಮೇಜಿನ ಮೇಲೆ ಕೈ ಜಾರಿಸಬಲ್ಲ, ಆದರೆ ಎತ್ತಲಾಗದ ಹಂತದಲ್ಲಿ ಲಾಭ ಹೆಚ್ಚು. ಜಾರಿಸುವ ಶಕ್ತಿಯೂ ಇಲ್ಲದವರಿಗೆ ಮೋಟಾರಿನ ಆಸರೆಯೋ, ಜಾಕೋ ತರಹದ ರೋಬಾಟ್ ತೋಳೋ ಬೇಕು. ನರಗಳು ಕ್ಷೀಣಿಸಿ ಸ್ನಾಯು ಸೋಲುವ ಎಎಲ್ಎಸ್‌ನಲ್ಲಿ ಹಿಡಿತವೇ ಮೊದಲು ಹೋಗಿರಬಹುದು. ಆಗ ಚಮಚವನ್ನು ಕೈಗೆ ಕಟ್ಟುವ ಪಟ್ಟಿ ಇಲ್ಲದೆ ತೋಳೆತ್ತಿ ಪ್ರಯೋಜನವಿಲ್ಲ.

ಮೊದಲು ಕೂರುವ ಭಂಗಿ. ಸೊಂಟ ಮುಂದಕ್ಕೆ ಜಾರಿದ್ದರೆ, ಮೈ ಒಂದು ಬದಿಗೆ ವಾಲಿದ್ದರೆ ಅದನ್ನು ಸರಿಪಡಿಸದೆ ಮುಂದಿನ ಯಾವ ಅಳತೆಯೂ ನಿಲ್ಲದು.

ಆಮೇಲೆ ಆಸರೆ ಅತ್ತಿತ್ತ ತಿರುಗುವ ಕಂಬಿ. ಇದು ಹೊರಕ್ಕೆ ಒಂದೆರಡು ಡಿಗ್ರಿ ವಾಲಿದರೂ ಕೈ ತಾನಾಗಿ ಹೊರಗೆ ಸರಿಯುತ್ತದೆ. ನೋಡುವವರಿಗೆ ಶಕ್ತಿ ಸಾಲದು ಅನ್ನಿಸುತ್ತದೆ. ರಸಮಟ್ಟವನ್ನು ಎದುರಿನಿಂದಲೂ ಪಕ್ಕದಿಂದಲೂ ಹಿಡಿದು ನೋಡಬೇಕು, ಅದೂ ವ್ಯಕ್ತಿ ಕುಳಿತ ಮೇಲೆ. ಖಾಲಿ ಕುರ್ಚಿಯಲ್ಲಿ ನೇರವಾಗಿದ್ದದ್ದು ಭಾರ ಬಿದ್ದಾಗ ವಾಲಬಹುದು. ಕೈಯನ್ನು ಒಳಕ್ಕೆ ತರುವ ಬಲ ಕಡಿಮೆ ಇರುವವರಿಗೆ ಬೇಕೆಂದೇ ಚೂರು ಒಳಕ್ಕೆ ವಾಲಿಸುವುದೂ ಉಂಟು. ಹಿಂದಕ್ಕೆ ಬಾಗುವ ಕುರ್ಚಿಯಾದರೆ ಎಚ್ಚರ: ಕುರ್ಚಿಯ ಜೊತೆ ಕಂಬಿಯೂ ಬಾಗಿ ತೋಳು ರಪ್ಪನೆ ಹಿಂದಕ್ಕೆ ಹೋಗುತ್ತದೆ. ಬಾಗಿಸುವ ಮುನ್ನ ಆಸರೆಗೆ ಲಾಕ್ ಹಾಕುವುದನ್ನು ಮನೆಯವರಿಗೆ ಮಾಡಿಸಿಯೇ ಕಲಿಸಿ.

ಮುಂಗೈ ಕೂರುವ ದೋಣಿಯ ಅಂಚು ಮಣಿಕಟ್ಟಿನ ಗೆರೆಗಿಂತ ಎರಡು ಬೆರಳು ಹಿಂದೆ ನಿಲ್ಲಲಿ. ಮೊಣಕೈ ಮೂಳೆ ಎಲ್ಲೂ ತಾಗಬಾರದು. ಕಿರುಬೆರಳು ಜೋಮು ಹಿಡಿಯುತ್ತಿದೆ ಎಂದರೆ ಅಲ್ಲಿ ನರ ಒತ್ತುತ್ತಿದೆ. ತೂಗುವ ಕೀಲಿನ ಮೇಲೆ ದೋಣಿಯನ್ನು ಮುಂದಕ್ಕೆ ಸರಿಸಿದರೆ ಅಂಗೈ ಬೀಳುತ್ತದೆ, ಹಿಂದಕ್ಕೆ ಸರಿಸಿದರೆ ಏಳುತ್ತದೆ. ಅರ್ಧ ಸೆಂಟಿಮೀಟರಿಗೂ ವ್ಯತ್ಯಾಸ ಕಾಣುತ್ತದೆ.

ಸ್ಪ್ರಿಂಗಿನ ಸರದಿ ಈಗ. ಕಡಿಮೆಯಿಂದ ಶುರು ಮಾಡಿ, ಒಂದೊಂದೇ ಬ್ಯಾಂಡ್ ಸೇರಿಸಿ. ತೋಳು ಸಡಿಲ ಬಿಡಲು ಹೇಳಿ, ನಿಮ್ಮ ಕೈಯ ಆಧಾರವನ್ನು ನಿಧಾನಕ್ಕೆ ತೆಗೆಯಿರಿ: ತೊಡೆ, ಮೇಜು, ಬಾಯಿ, ಮೂರೂ ಎತ್ತರದಲ್ಲಿ. ದಿನವೂ ಹಾಕುವ ಬಟ್ಟೆ ಮೈಮೇಲಿರಲಿ, ಚಮಚ ಕೈಯಲ್ಲಿರಲಿ. ದಪ್ಪ ಸ್ವೆಟರ್ ಒಂದೇ ಲೆಕ್ಕ ತಪ್ಪಿಸುತ್ತದೆ. ತೋಳು ತೇಲಬಾರದು, ಮೆಲ್ಲಗೆ ಇಳಿಯುತ್ತಿರಬೇಕು. ಕೈಯನ್ನು ಕೆಳಗೆ ಒತ್ತುವ ಸ್ನಾಯುಗಳೂ ಸೋತಿರುವುದರಿಂದ ಅವರು ಇಳಿಸುವುದು ತೋಳಿನ ಭಾರದಿಂದಲೇ. ಆ ಭಾರವನ್ನು ಪೂರ್ತಿ ಕಸಿದುಕೊಂಡರೆ ಕೈ ಗಾಳಿಯಲ್ಲೇ ಸಿಕ್ಕಿಬೀಳುತ್ತದೆ. ತೋಳು ತೊಡೆಯ ಎತ್ತರದಲ್ಲಿ ತೇಲಿ ಬಾಯಿಯ ಎತ್ತರದಲ್ಲಿ ಬೀಳುತ್ತಿದ್ದರೆ, ಅಥವಾ ಅದರ ತಿರುವುಮುರುವಾದರೆ, ಬ್ಯಾಂಡಿನ ಸಂಖ್ಯೆ ಬದಲಿಸಿ ಫಲವಿಲ್ಲ. ಕೊಕ್ಕೆ ಸಿಕ್ಕಿಸುವ ಜಾಗ ಬದಲಿಸಬೇಕು.

ಮೊಣಕೈ ಮಡಚಿಕೊಂಡು ಗಟ್ಟಿಯಾಗುವ ಕಾಯಿಲೆಗಳಿವು. ಹೆಚ್ಚು ಬಿಗಿಯಾದ ಆಸರೆ ಅದಕ್ಕೆ ನೀರೆರೆದಂತೆ. ಆಸರೆ ಬಂತೆಂದು ದಿನದ ಚಾಚುವ ವ್ಯಾಯಾಮ ನಿಲ್ಲಿಸಿದರೆ, ಸೋಲುವುದು ಆಸರೆಯೇ.

ಮೊದಲ ದಿನಗಳಲ್ಲಿ ಒಂದು ಸಲಕ್ಕೆ ಹದಿನೈದು ನಿಮಿಷ ಸಾಕು. ತೆಗೆದ ಅರ್ಧ ಗಂಟೆಯ ಮೇಲೂ ಚರ್ಮ ಕೆಂಪಾಗಿಯೇ ಇದ್ದರೆ ದೋಣಿಯ ಮೆತ್ತೆ ಬದಲಿಸಿ. ಬ್ಯಾಂಡ್‌ಗಳನ್ನು ಒಟ್ಟಿಗೇ ಬದಲಿಸಿ, ಹಳತು ಹೊಸತು ಬೆರೆಸಬೇಡಿ. ನಟ್ಟಿನಿಂದ ಬ್ರಾಕೆಟ್‌ವರೆಗೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಅದುರಿ ಸಡಿಲಾದದ್ದು ಕಣ್ಣಿಗೇ ಕಾಣುತ್ತದೆ. ಬೆಳೆಯುವ ಮಕ್ಕಳಿಗೆ, ಸ್ಟೀರಾಯ್ಡ್‌ನಿಂದ ತೂಕ ಏರುತ್ತಿರುವವರಿಗೆ ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ಭಂಗಿಯಿಂದಲೇ ಮರಳಿ ನೋಡಬೇಕು. ಕುರ್ಚಿಯ ಜಾಯ್‌ಸ್ಟಿಕ್ ಹಿಡಿಯುವ ಕೈಗೆ ಆಸರೆ ಹಾಕುವುದಾದರೆ, ಏರಿದ ಕೈ ಮತ್ತೆ ಜಾಯ್‌ಸ್ಟಿಕ್ಕಿಗೆ ತಾನಾಗಿ ಮರಳುತ್ತದೆಯೇ ಎಂದು ಕುರ್ಚಿ ಆಫ್ ಮಾಡಿಯೇ ಪರೀಕ್ಷಿಸಿ.