ಊರೂರು ಸುತ್ತುವ ದೀಪ

ದೀಪಾವಳಿಯೆಂದರೆ ನನಗೆ ಮೊದಲು ನೆನಪಾಗುವುದು ಪಟಾಕಿಯಲ್ಲ, ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆಯ ಅಂಗಳಕ್ಕೆ ನಡುರಾತ್ರಿ ಬರುತ್ತಿದ್ದ ಅಂಟಿಗೆ ಪಂಟಿಗೆಯವರ ದನಿ. ಊರ ದೇವಸ್ಥಾನದಲ್ಲಿ ಹಚ್ಚಿಕೊಂಡ ದೀಪವನ್ನು ಆರದಂತೆ ಕಾಪಾಡಿಕೊಂಡು, ತೋಟ ಗದ್ದೆಗಳ ಕತ್ತಲೆಯಲ್ಲಿ ಮನೆಯಿಂದ ಮನೆಗೆ ನಡೆಯುವ ಈ ತಂಡದವರು ಬಾಗಿಲಲ್ಲಿ ನಿಂತು ಬಲೀಂದ್ರನ ಪದ ಹಾಡುತ್ತಾರೆ. ಅಜ್ಜಿ ಅವರ ದೀಪಕ್ಕೆ ಎಣ್ಣೆ ಎರೆದು, ಅದರಿಂದಲೇ ನಮ್ಮ ಹಣತೆಯ ಬತ್ತಿಯನ್ನು ಹೊತ್ತಿಸಿಕೊಂಡು, ಸೆರಗನ್ನು ಗಾಳಿಗೆ ಅಡ್ಡ ಹಿಡಿದು ದೇವರ ಕೋಣೆಗೆ ಒಯ್ಯುತ್ತಿದ್ದರು. ಮೊರದಲ್ಲಿ ಅಕ್ಕಿ, ಕಾಯಿ, ಒಂದಿಷ್ಟು ಕಾಸು; ಹೋಳಿಗೆ ಬೇರೆ.

ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಹಂಡೆಗೆ ಹಿಂಡಲೆಕಾಯಿ ಬಳ್ಳಿ ಸುತ್ತಿ ಬಾವಿನೀರು ತುಂಬಿಸುವುದು ಮಕ್ಕಳ ಪಾಲಿನ ಕೆಲಸವಾಗಿತ್ತು. ಮರುದಿನ ನಸುಕಿನ ಎಣ್ಣೆಸ್ನಾನದಲ್ಲಿ ಕಣ್ಣು ಉರಿದು ಅತ್ತದ್ದೇ ಹೆಚ್ಚು ನೆನಪಿದೆ. ಪಾಡ್ಯದ ದಿನ ಗೋಪೂಜೆ. ಚೆಂಡುಹೂವಿನ ಹಾರವನ್ನು ಪಕ್ಕದ ಹಸು ತಿಂದುಬಿಡುತ್ತಿತ್ತು.

ಈಗ ನಗರದ ಫ್ಲ್ಯಾಟಿನಲ್ಲಿ ಗೀಸರ್‌ಗೇ ಅರಿಶಿನ ಕುಂಕುಮ ಹಚ್ಚುತ್ತೇನೆ.