ಒಂದೇ ಪುಟದ ಕೈಪಿಡಿ

ಕಳೆದ ತಿಂಗಳು, ಬೇರೊಂದು ಕಟ್ಟಡದಲ್ಲಿರುವ ಲಿನಕ್ಸ್ ಕಂಪ್ಯೂಟರಿನಲ್ಲಿ ನನ್ನ ಲ್ಯಾಪ್‌ಟಾಪಿನಿಂದಲೇ ಕೆಲಸ ಮಾಡಲು ಅನುವಾಗುವಂತೆ ಒಂದು ರಿಮೋಟ್ ಆಕ್ಸೆಸ್ ತಂತ್ರಾಂಶವನ್ನು ಅಳವಡಿಸಬೇಕಾಯಿತು. ಅದು ವಿಎನ್‌ಸಿ ಪದ್ಧತಿಯದು: ದೂರದ ಕಂಪ್ಯೂಟರಿನಲ್ಲಿರುವ ಸರ್ವರ್ ಎಂಬ ಪ್ರೋಗ್ರಾಂ ಪರದೆಯ ಚಿತ್ರವನ್ನು ಕಳಿಸುತ್ತದೆ, ಇತ್ತ ವ್ಯೂವರ್ ಎಂಬುದು ಅದನ್ನು ತೋರಿಸುತ್ತದೆ. ಅದರೊಂದಿಗೆ ಬಂದ ಕೈಪಿಡಿ ಒಂದೇ ಪುಟದ್ದು. ಸರ್ವರನ್ನು ಇನ್‌ಸ್ಟಾಲ್ ಮಾಡಿ, ಪಾಸ್‌ವರ್ಡ್ ಕೊಡಿ, ಇನ್ನೊಂದು ಕಡೆ ವ್ಯೂವರ್ ತೆರೆದು ವಿಳಾಸ ಟೈಪ್ ಮಾಡಿ ಎಂಬ ಮೂರು ಮಾತುಗಳನ್ನು ಬಿಟ್ಟರೆ ಅದರಲ್ಲಿ ಬೇರೇನೂ ಇರಲಿಲ್ಲ. ಮೂರನ್ನೂ ಚಾಚೂ ತಪ್ಪದೆ ಮಾಡಿದೆ, ಆದರೂ ಪರದೆ ತೆರೆದುಕೊಳ್ಳಲಿಲ್ಲ. ಏನು ಮಾಡಬೇಕೆಂದು ಹೇಳಿದ್ದ ಕೈಪಿಡಿ, ಹಾಗೆ ಮಾಡಿದಾಗ ಒಳಗೆ ಏನು ನಡೆಯುತ್ತದೆಂಬುದನ್ನು ಎಲ್ಲಿಯೂ ಹೇಳಿರಲಿಲ್ಲವಾದ್ದರಿಂದ, ಎಡವಿದ ಮೇಲೆ ಎಲ್ಲಿ ಎಡವಿದೆನೆಂದು ತಿಳಿಯುವ ದಾರಿಯೂ ನನಗಿರಲಿಲ್ಲ.

ಮೊದಲು ಸಿಕ್ಕಿದ್ದು ಟೈಮ್‌ಔಟ್. ಹೊರಗಿನ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ಅಡ್ಡ ಬಂದಿರಬಹುದೆಂದು ಊಹಿಸಿ, ವಿಎನ್‌ಸಿಗೆ ಮೀಸಲಾದ 5900ನೇ ಪೋರ್ಟನ್ನು, ಅಂದರೆ ಕಂಪ್ಯೂಟರಿಗೆ ಬರುವ ಸಂಪರ್ಕಗಳಿಗಿರುವ ಸಂಖ್ಯೆಯಿಟ್ಟ ಬಾಗಿಲನ್ನು, ತೆರೆದೆ. ಆಗ ಸಂದೇಶ ಬದಲಾಯಿತು: ಸಂಪರ್ಕವನ್ನು ನಿರಾಕರಿಸಲಾಗಿದೆ ಎಂದು ಬಂತು. ಈ ಎರಡು ಸಂದೇಶಗಳು ಒಂದೇ ಸೋಲಿನ ಎರಡು ಹೆಸರುಗಳೆಂದು ಬಹಳ ಮಂದಿ ಭಾವಿಸುತ್ತಾರೆ, ನಾನೂ ಹಾಗೆಯೇ ಭಾವಿಸಿದ್ದೆ. ಆದರೆ ಟೈಮ್‌ಔಟ್ ಎಂದರೆ ನಾವು ಕಳಿಸಿದ್ದಕ್ಕೆ ಉತ್ತರವೇ ಬರಲಿಲ್ಲ, ದಾರಿಯಲ್ಲಿ ಎಲ್ಲೋ ಅದು ಕಳೆದುಹೋಯಿತು ಎಂದರ್ಥ. ನಿರಾಕರಣೆ ಬಂದರೆ ಸಾಮಾನ್ಯವಾಗಿ ನಮ್ಮ ಕೋರಿಕೆ ಆ ಕಂಪ್ಯೂಟರನ್ನು ತಲುಪಿದೆ, ಆದರೆ ಆ ಪೋರ್ಟಿನಲ್ಲಿ ಕಿವಿಗೊಟ್ಟು ಕುಳಿತ ಪ್ರೋಗ್ರಾಂ ಯಾವುದೂ ಇಲ್ಲ ಎಂದು ತಿಳಿಯಬೇಕು. ಅಂದರೆ ನಾನು ಒಂದು ಬಾಗಿಲು ದಾಟಿದ್ದೆ. ಕೈಪಿಡಿಯಲ್ಲಿ ಈ ಎರಡು ವಾಕ್ಯಗಳಿದ್ದಿದ್ದರೆ ನನ್ನ ಒಂದು ಇಡೀ ಸಂಜೆ ಉಳಿಯುತ್ತಿತ್ತು.

ಆ ಕಂಪ್ಯೂಟರಿನಲ್ಲಿ ಯಾವ ಪ್ರೋಗ್ರಾಂ ಯಾವ ಪೋರ್ಟಿನಲ್ಲಿ ಕುಳಿತಿದೆಯೆಂದು ಪಟ್ಟಿ ತೆಗೆದು ನೋಡಿದಾಗ ಸರ್ವರು 5901ರಲ್ಲಿತ್ತು. ವಿಎನ್‌ಸಿಯಲ್ಲಿ ಪ್ರತಿ ಪರದೆಗೂ ಇರುವ ಡಿಸ್‌ಪ್ಲೇ ಸಂಖ್ಯೆಯನ್ನು 5900ಕ್ಕೆ ಕೂಡಿದರೆ ಬರುವುದೇ ಪೋರ್ಟ್ ಸಂಖ್ಯೆ. ಕಂಪ್ಯೂಟರಿನ ಎದುರಿಗಿರುವ ಮಾನಿಟರು ಸಾಮಾನ್ಯವಾಗಿ 0 ಆಗಿರುವುದರಿಂದ ಸರ್ವರು ತನಗಾಗಿ 1ನ್ನು ಆರಿಸಿಕೊಂಡಿತ್ತು. ಹಲವು ವ್ಯೂವರುಗಳಲ್ಲಿ ವಿಳಾಸದ ನಂತರ ಒಂದು ಕೋಲನ್ ಹಾಕಿ 1 ಎಂದು ಬರೆದರೆ ಅದು ಡಿಸ್‌ಪ್ಲೇ, ಎರಡು ಕೋಲನ್ ಹಾಕಿ 5901 ಎಂದು ಬರೆದರೆ ಅದು ಪೋರ್ಟ್.

5901ನೇ ಪೋರ್ಟನ್ನೂ ತೆರೆದು, ಸಂಪರ್ಕವಾದ ಮೇಲೆ ಕಂಡದ್ದು ಬರಿಯ ಬೂದುಬಣ್ಣದ ಪರದೆ. ಲಿನಕ್ಸಿನಲ್ಲಿ ಇಂಥ ಸರ್ವರು ಎದುರಿಗಿರುವ ಮಾನಿಟರಿನ ಪರದೆಯನ್ನೇ ತೋರಿಸುತ್ತದೆಂದು ನಾನು ನಂಬಿದ್ದೆ. ವಾಸ್ತವದಲ್ಲಿ ಅದು ಹೆಚ್ಚಾಗಿ ಮೆಮೊರಿಯಲ್ಲಿ ಹೊಸದೊಂದು ಪರದೆಯನ್ನು ಸೃಷ್ಟಿಸುತ್ತದೆ, ಆ ಪರದೆಯಲ್ಲಿ ಡೆಸ್ಕ್‌ಟಾಪನ್ನು ಆರಂಭಿಸುವ ಆದೇಶವನ್ನು ಒಂದು ಸಣ್ಣ ಆರಂಭಿಕ ಕಡತದಲ್ಲಿ ನಾವೇ ಬರೆಯಬೇಕು. ನನ್ನ ಕಡತದಲ್ಲಿ ಆ ಸಾಲೇ ಇರಲಿಲ್ಲ. ಇದನ್ನು ತಿಳಿಸಿದ್ದು, ನಡೆದದ್ದನ್ನು ದಾಖಲಿಸುವ ಸರ್ವರಿನ ಲಾಗ್ ಕಡತ. ಅಂಥದೊಂದು ಲಾಗ್ ಇದೆ ಎಂಬ ಮಾತೂ ಕೈಪಿಡಿಯಲ್ಲಿರಲಿಲ್ಲ.

ಇಲ್ಲಿಯವರೆಗಿನ ಕೊರತೆಗಳನ್ನು ನಾನು ಕ್ಷಮಿಸಬಲ್ಲೆ. ಒಂದು ತಂತ್ರಾಂಶವನ್ನು ಕಟ್ಟಿದವರಿಗೆ ಅದರ ಒಳಗುಟ್ಟುಗಳು ಎಷ್ಟು ಪರಿಚಿತವಾಗಿರುತ್ತವೆಯೆಂದರೆ, ಹೊಸಬರಿಗೆ ಅವು ತಿಳಿದಿರಲಾರವೆಂದು ಅವರಿಗೆ ಹೊಳೆಯುವುದೇ ಕಷ್ಟ. ಆದರೆ ಮುಂದೆ ಕಂಡದ್ದನ್ನು ಹಾಗೆ ಬಿಡಲಾರೆ. ಎಲ್ಲವೂ ಸರಿಹೋದ ಮರುದಿನ, ಹದಿನಾಲ್ಕು ಅಕ್ಷರಗಳ ನನ್ನ ಪಾಸ್‌ವರ್ಡಿನ ಕೊನೆಯಲ್ಲಿ ಬೆರಳು ತಪ್ಪಿ ಬೇರೆ ಅಕ್ಷರ ಒತ್ತಿದ್ದರೂ ಸರ್ವರು ನನ್ನನ್ನು ಒಳಗೆ ಬಿಟ್ಟಿತು. ವಿಎನ್‌ಸಿಯ ಮೂಲ ದೃಢೀಕರಣ ಪದ್ಧತಿಯು ಪಾಸ್‌ವರ್ಡಿನ ಮೊದಲ 8 ಅಕ್ಷರಗಳನ್ನಷ್ಟೇ ಗಣಿಸಿ ಉಳಿದವನ್ನು ಕತ್ತರಿಸಿಬಿಡುತ್ತದೆ. 2011ರಲ್ಲಿ ಪ್ರಕಟವಾದ ಈ ಪ್ರೋಟೋಕಾಲಿನ ವಿವರಣೆ, ಆರ್‌ಎಫ್‌ಸಿ 6143, ಈ ಪದ್ಧತಿ ದುರ್ಬಲವಾದದ್ದು, ನಂಬಿಕೆಗೆ ಅರ್ಹವಲ್ಲದ ನೆಟ್‌ವರ್ಕುಗಳಿಗೆ ಉದ್ದೇಶಿಸಿದ್ದಲ್ಲ ಎಂದು ನೇರವಾಗಿಯೇ ಹೇಳುತ್ತದೆ. ಸಾಲದ್ದಕ್ಕೆ, ಒಳಹೊಕ್ಕ ನಂತರ ಪರದೆಯ ಚಿತ್ರವಾಗಲಿ ನಾವು ಒತ್ತುವ ಕೀಲಿಗಳಾಗಲಿ ಗೂಢಲಿಪಿಗೊಳ್ಳದೆ ಹಾಗೆಯೇ ಹರಿಯುತ್ತವೆ. ನಾನು ತೆರೆದಿಟ್ಟಿದ್ದ ಪೋರ್ಟು ಆ ಇಡೀ ರಾತ್ರಿ ಹಾಗೆಯೇ ಇತ್ತು ಎಂಬುದು ನೆನಪಾಗಿ ಕೈ ತಣ್ಣಗಾಯಿತು. ಬಳಕೆದಾರ ತನಗರಿವಿಲ್ಲದೆ ಅಪಾಯಕ್ಕೆ ಒಡ್ಡಿಕೊಳ್ಳುವ ಜಾಗದಲ್ಲಿ ಕೈಪಿಡಿ ಮೌನವಾಗಿರುವುದು ತಪ್ಪು.

ಆ ಎರಡೂ ಪೋರ್ಟುಗಳನ್ನು ಮುಚ್ಚಿ, ಸರ್ವರು 127.0.0.1ರಲ್ಲಿ, ಅಂದರೆ ಅದೇ ಕಂಪ್ಯೂಟರಿನ ಒಳಗಿನಿಂದ ಬರುವ ಕೋರಿಕೆಗಳಿಗೆ ಮಾತ್ರ ಕಿವಿಗೊಡುವಂತೆ ಬದಲಿಸಿದೆ. ಈಗ ಲ್ಯಾಪ್‌ಟಾಪಿನಿಂದ ಮೊದಲು ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಸಂಪರ್ಕ ಮಾಡಿಕೊಂಡು, ನನ್ನ ಕಡೆಯ 5901ನ್ನು ಆ ಕಡೆಯ 5901ಕ್ಕೆ ಸುರಂಗದಂತೆ ಜೋಡಿಸುತ್ತೇನೆ. ವ್ಯೂವರಿನಲ್ಲಿ ನನ್ನದೇ ಲ್ಯಾಪ್‌ಟಾಪಿನ ವಿಳಾಸ ಕೊಟ್ಟರೆ ದೂರದ ಪರದೆ ತೆರೆಯುತ್ತದೆ. ಹೊರಗಿನವರಿಗೆ ಕಾಣುವುದು ಎಸ್‌ಎಸ್‌ಎಚ್ ಬಳಸುವ 22ನೇ ಪೋರ್ಟು ಮಾತ್ರ, ಅಲ್ಲಿಯೂ ಪಾಸ್‌ವರ್ಡ್ ನಡೆಯದು, ಗುರುತನ್ನು ಸಾಬೀತುಪಡಿಸುವ ಕೀಲಿ ಕಡತವೇ ಬೇಕು.

ಇದನ್ನೆಲ್ಲ ಎರಡು ಪುಟಗಳಲ್ಲಿ ಬರೆದು ತಂತ್ರಾಂಶದ ತಂಡಕ್ಕೆ ಕಳಿಸಿದ್ದೇನೆ. ಎಂಟು ಅಕ್ಷರಗಳ ಸಂಗತಿಯನ್ನು ಮೊದಲ ಸಾಲಿನಲ್ಲಿಯೇ, ಇನ್‌ಸ್ಟಾಲ್ ಮಾಡುವ ಸೂಚನೆಗಿಂತಲೂ ಮೇಲೆ ಇಟ್ಟಿದ್ದೇನೆ.