ಬಾಳೆಸಿಪ್ಪೆಗೂ ಲೂಪ್ ಬರುತ್ತದೆ

ಊರಿಗೆ, ನೀರ್ಚಾಲಿಗೆ ಬಂದರೂ ಲ್ಯಾಬಿನ ಕೆಲಸ ಬೆನ್ನು ಬಿಡುವುದಿಲ್ಲ. ಹೊರಗೆ ಜಡಿಮಳೆ, ಲ್ಯಾಪ್‌ಟಾಪ್ ತುಂಬ ಹಿಸ್ಟೆರಿಸಿಸ್ ಲೂಪ್‌ಗಳು, ಅಂದರೆ ವೋಲ್ಟೇಜ್ ಏರಿಸಿ ಇಳಿಸಿದಾಗ ವಸ್ತುವಿನ ಚಾರ್ಜ್ ಹೇಗೆ ಬದಲಾಗುತ್ತದೆಂದು ತೋರಿಸುವ, ಸುತ್ತಿ ಬರುವ ಗೆರೆಗಳು. ದೊಡ್ಡಪ್ಪ ಇಣುಕಿ ನೋಡಿ, "ಇದೆಂತ ಮಗಾ, ನೇಂದ್ರ ಬಾಳೆಯ ಚಿತ್ರವಾ?" ಅಂದರು.

ನನಗೆ ಥಟ್ಟನೆ ಜೇಮ್ಸ್ ಸ್ಕಾಟ್ ನೆನಪಾದರು. ಫೆರೋಎಲೆಕ್ಟ್ರಿಕ್ ವಸ್ತುಗಳಲ್ಲಿ ಪಳಗಿದ ಈ ವಿಜ್ಞಾನಿ 2008ರಲ್ಲಿ ಬಾಳೆಸಿಪ್ಪೆಗೆ ಎಲೆಕ್ಟ್ರೋಡ್ ಹಚ್ಚಿ ಅಳೆದರು. ಫೆರೋಎಲೆಕ್ಟ್ರಿಕ್‌ನ ಗುರುತು ಎನ್ನುವಂಥ ಲೂಪ್ ಬಂತು! ಬಾಳೆಸಿಪ್ಪೆ ಫೆರೋಎಲೆಕ್ಟ್ರಿಕ್ ಅಲ್ಲವೇ ಅಲ್ಲ. ಅಲ್ಲಿ ಸುಮ್ನೆ ಕರೆಂಟ್ ಸೋರುತ್ತಿತ್ತು, ಅಷ್ಟೇ. ಅಂಥ ಲೂಪ್ ತೋರಿಸಿ ಪೇಪರ್ ಬರೆಯುವವರಿಗೆ ಅದು ಅವರ ಎಚ್ಚರಿಕೆ.

ಫೆರೋಎಲೆಕ್ಟ್ರಿಕ್ ಅಂದರೆ ವೋಲ್ಟೇಜ್ ತೆಗೆದ ಮೇಲೂ ಪೋಲರೈಸೇಶನ್ (ಒಳಗಿನ ಪ್ಲಸ್, ಮೈನಸ್ ಚಾರ್ಜ್ ಒಂದು ದಿಕ್ಕಿಗೆ ಸರಿದು ನಿಲ್ಲುವುದು) ಉಳಿಯಬೇಕು, ಉಲ್ಟಾ ವೋಲ್ಟೇಜ್ ಕೊಟ್ಟರೆ ತಿರುಗಬೇಕು. ಬೇರಿಯಂ ಟೈಟನೇಟ್‌ನಂಥ ಹಳೆಯ ವಸ್ತುಗಳಲ್ಲಿ ಫಿಲ್ಮ್ ತೆಳುವಾದಷ್ಟೂ ಈ ಗುಣ ಉಳಿಸಿಕೊಳ್ಳುವುದು ಕಷ್ಟ. ಹಾಫ್ನಿಯಂ ಆಕ್ಸೈಡ್ ಬೇರೆಯೇ ಜಾತಿ. ಚಿಪ್‌ಗಳಲ್ಲಿ ಬರೀ ಇನ್ಸುಲೇಟರ್ ಆಗಿದ್ದ ಇದು, ಸ್ವಲ್ಪ ಸಿಲಿಕಾನ್ ಬೆರೆಸಿದರೆ ಫೆರೋಎಲೆಕ್ಟ್ರಿಕ್ ಆಗುತ್ತದೆ ಎಂದು 2011ರಲ್ಲಿ ಪ್ರಕಟವಾಯಿತು. 2020ರಲ್ಲಿ ಬರ್ಕ್ಲಿಯ ತಂಡ ಜಿರ್ಕೋನಿಯಂ ಬೆರೆಸಿದ ಫಿಲ್ಮನ್ನು ಸಿಲಿಕಾನ್ ಮೇಲೆ 1 ನ್ಯಾನೋಮೀಟರಿಗೆ ಇಳಿಸಿ ತೋರಿಸಿತು. ಅದನ್ನು ಓದಿದ ದಿನದ ಖುಷಿ ಇನ್ನೂ ಆರಿಲ್ಲ.

ಈ ಫಿಲ್ಮನ್ನು ಬೆಳೆಸುವುದು ಅಟಾಮಿಕ್ ಲೇಯರ್ ಡೆಪೊಸಿಷನ್‌ನಲ್ಲಿ, ಪದರ ಪದರವಾಗಿ. ಲೋಹದ ಆವಿ ಬಿಡಬೇಕು, ಉಳಿದದ್ದನ್ನು ಹೊರಗೆ ತಳ್ಳಬೇಕು, ಓಝೋನ್ ಬಿಡಬೇಕು, ಮತ್ತೆ ತಳ್ಳಬೇಕು. ಗೋಡೆಗೆ ಸುಣ್ಣ ಬಳಿದ ಹಾಗೆ ಒಂದರ ಮೇಲೊಂದು. ಒಂದು ಸುತ್ತಿಗೆ ಸಿಗುವುದು ಸುಮಾರು 0.1 ನ್ಯಾನೋಮೀಟರ್.

ನಿಜವಾದ ತಲೆನೋವು ಕೆಳಗೆ. ಆಕ್ಸಿಜನ್ ಸಿಕ್ಕಿದರೆ ಸಿಲಿಕಾನ್ ಬಿಡುವುದಿಲ್ಲ, ತನ್ನದೇ ಆಕ್ಸೈಡ್ ಮಾಡಿಕೊಳ್ಳುತ್ತದೆ. ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ (ಇದು ಕಡಿಮೆ ಇದ್ದಷ್ಟೂ ಅಷ್ಟೇ ದಪ್ಪದ ಪದರ ಹೆಚ್ಚು ವೋಲ್ಟೇಜ್ ನುಂಗುತ್ತದೆ) 3.9, ನಮ್ಮ ಫಿಲ್ಮಿನದು 30ರ ಆಸುಪಾಸು. ಲೆಕ್ಕ ಹಾಕಿದರೆ 10 ನ್ಯಾನೋಮೀಟರ್ ಫಿಲ್ಮಿನ ಕೆಳಗೆ 1 ನ್ಯಾನೋಮೀಟರ್ ಸಿಲಿಕಾನ್ ಆಕ್ಸೈಡ್ ಇದ್ದರೂ ಅದು 40 ಶೇಕಡಕ್ಕಿಂತ ಜಾಸ್ತಿ ವೋಲ್ಟೇಜ್ ನುಂಗುತ್ತದೆ. ಫಿಲ್ಮ್ ಇನ್ನೂ ತೆಳುವಾದರೆ ಕೇಳುವುದೇ ಬೇಡ. ಲೀಕೇಜೂ ಏರುತ್ತದೆ, ಲೂಪ್ ಉಬ್ಬಿ ತುದಿ ಗುಂಡಗಾಗುತ್ತದೆ. ದೊಡ್ಡಪ್ಪ ನೋಡಿದ್ದು ಅಂಥದ್ದನ್ನೇ.

ಆಗ ಕೈ ಹಿಡಿಯುವುದು ಪಂಡ್ (PUND, ಪಾಸಿಟಿವ್-ಅಪ್-ನೆಗೆಟಿವ್-ಡೌನ್) ಅಳತೆ. ಒಂದೇ ದಿಕ್ಕಿನಲ್ಲಿ ಬೆನ್ನು ಬೆನ್ನಿಗೆ ಎರಡು ಪಲ್ಸ್ ಕೊಡಬೇಕು. ಮೊದಲನೆಯದರಲ್ಲಿ ಪೋಲರೈಸೇಶನ್ ತಿರುಗುತ್ತದೆ, ಸೋರಿಕೆಯೂ ಇರುತ್ತದೆ. ಎರಡನೆಯದರಲ್ಲಿ ತಿರುಗಲು ಏನೂ ಉಳಿದಿಲ್ಲ, ಅಲ್ವಾ? ಹಾಗಾಗಿ ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಫೆರೋಎಲೆಕ್ಟ್ರಿಕ್ ಪಾಲು ಕೈಗೆ ಸಿಗುತ್ತದೆ. ಎಷ್ಟು ಸರಳ, ಎಷ್ಟು ಚಂದ! ಆಮೇಲೆ ಉಲ್ಟಾ ದಿಕ್ಕಿನಲ್ಲೂ ಹಾಗೆಯೇ ಎರಡು ಪಲ್ಸ್.

ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಲ್ಲಿ ನನ್ನದೊಂದು ಬೇಡಿಕೆ. ಚಂದದ ಲೂಪ್ ಬಂತೆಂದು ಓಡಿ ಬರುವ ಮೊದಲು ಪಂಡ್ ಮಾಡಿ. ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲೂ ಅಳೆಯಿರಿ. ನಿಧಾನಕ್ಕೆ ಅಳೆದಷ್ಟೂ ಲೂಪ್ ಉಬ್ಬುತ್ತಾ ಹೋದರೆ ಮೊದಲು ಲೀಕೇಜ್ ಮೇಲೆ ಸಂಶಯ ಪಡಿ.